ಹಾಸಿಗೆ ಅಂಗಡಿಯಲ್ಲಿ ಒಂದು ಹಾಡು: ಮನೆಯಲ್ಲೇ ಧ್ವನಿಮುದ್ರಣ ಕಲಿತ ಬಗೆ



ಈ ಬಾರಿಯ ವಾರ್ಷಿಕೋತ್ಸವದಲ್ಲಿ ನಾನು ಬರೆದು ಹಾಡಿದ ಕನ್ನಡ ಹಾಡನ್ನು ಪೆನ್ ಡ್ರೈವಿನಿಂದ ಕೇಳಿಸಿದ ಮೇಲೆ ಹಲವು ಗೆಳತಿಯರು, ಇಬ್ಬರು ಉಪನ್ಯಾಸಕರು ಒಂದೇ ಪ್ರಶ್ನೆ ಕೇಳಿದರು: "ಯಾವ ಸ್ಟುಡಿಯೋದಲ್ಲಿ ಮಾಡಿಸಿದ್ದು? ಎಷ್ಟು ಖರ್ಚಾಯ್ತು?" ಸ್ಟುಡಿಯೋ ಕೊಣನೂರಿನಲ್ಲೇ ಇದೆ. ಅದು ನಮ್ಮ ಅಬ್ಬಾ ಅವರ ಹಾಸಿಗೆ ಅಂಗಡಿ. ಖರ್ಚಾಗಿದ್ದು ಒಂದು ಅಗ್ಗದ ಮೈಕು ಮತ್ತು ಒಂದು ತಂತಿಯ ಇಯರ್‌ಫೋನಿಗೆ ಮಾತ್ರ. ಲ್ಯಾಪ್‌ಟಾಪ್ ಅಣ್ಣನ ಹಳೆಯದು, ಸಾಫ್ಟ್‌ವೇರ್ ಉಚಿತ. ಆದರೆ ಕಲಿಯಲು ಐದು ತಿಂಗಳು ಬೇಕಾಯಿತು. ಆ ಐದು ತಿಂಗಳಲ್ಲಿ ನಾನು ಮಾಡಿದ ಒಂದು ತಪ್ಪು ಇನ್ನೂ ಸರಿಯಾಗಿಲ್ಲ, ಮುಂದೆಯೂ ಆಗುವುದಿಲ್ಲ. ನಿಮಗೆ ಹಾಗಾಗದಿರಲಿ ಎಂದು ಈ ಲೇಖನ ಬರೆಯುತ್ತಿದ್ದೇನೆ.

ನಾನು ಸಂಗೀತ ಕಲಿತವಳಲ್ಲ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಮನೆಮಾತು ಉರ್ದು. ನಮ್ಮ ದಾದಿ ಮನೆಯ ಮಕ್ಕಳನ್ನೆಲ್ಲ ಮಲಗಿಸುವಾಗ ಹಾಡುತ್ತಿದ್ದ ಒಂದು ಲೋರಿ ಇದೆ. ಲೋರಿ ಎಂದರೆ ಜೋಗುಳ. ಅದನ್ನು ಯಾರೂ ಬರೆದಿಟ್ಟಿಲ್ಲ. ದಾದಿಗೆ ಅದು ಅವರ ತಾಯಿಯ ಬಾಯಿಂದ ಬಂದದ್ದು. ಒಂದು ಸಂಜೆ ನಮ್ಮೂರಿನ ತೂಗು ಸೇತುವೆಯ ಮೇಲೆ ನಿಂತಿದ್ದೆ. ಜನ ನಡೆದಾಗ ಸೇತುವೆ ತೊಟ್ಟಿಲಿನ ಹಾಗೆ ತೂಗಿತು, ಕೆಳಗೆ ಕಾವೇರಿ. ಲೋರಿಯ ಧಾಟಿ ತಾನಾಗಿ ನೆನಪಿಗೆ ಬಂತು, ಅದಕ್ಕೆ ಕನ್ನಡದ ಪದಗಳೂ ಸೇರಿಕೊಂಡವು. ಹಾಡಿನ ಆರಂಭದಲ್ಲಿ ದಾದಿಯ ಲೋರಿ, ಅದು ಮುಗಿಯುತ್ತಿದ್ದಂತೆ ನನ್ನ ಕನ್ನಡ ಹಾಡು. ಇದು ನನ್ನ ಯೋಜನೆಯಾಗಿತ್ತು.

ಕೊಂಬಿನಿಂದ ಲ್ಯಾಪ್‌ಟಾಪ್‌ವರೆಗೆ

ಮೊದಲು ಸ್ವಲ್ಪ ಇತಿಹಾಸ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನ್ ಕಂಪನಿಗಾಗಿ ಹಾಡಿದರು. ಭಾರತದ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ಹಾಡುಗಳು ಸೇರಿವೆ. ಆಗ ವಿದ್ಯುತ್ ಮೈಕ್ ಬಳಕೆಯಲ್ಲಿರಲಿಲ್ಲ. ದೊಡ್ಡ ಕೊಂಬಿನಂಥ ಕೊಳವೆಯ ಮುಂದೆ ನಿಂತು ಜೋರಾಗಿ ಹಾಡಬೇಕಿತ್ತು. ವಾದ್ಯದವರೂ ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ ನುಡಿಸಬೇಕು. ಸಮಯ ಸುಮಾರು ಮೂರು ನಿಮಿಷ. ಒಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ. ಹಾಡು ಮುಗಿದ ಮೇಲೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಎಲ್ಲರೂ ಒಟ್ಟಿಗೆ ಹಾಡಲೇಬೇಕು ಎಂಬ ಕಟ್ಟು ಸಡಿಲವಾದದ್ದು ಟೇಪ್ ಬಂದ ಮೇಲೆ. ಒಂದೇ ಟೇಪಿನ ಅಗಲವನ್ನು ಹಲವು ಪಟ್ಟಿಗಳಾಗಿ ಹಂಚಿ, ಒಂದೊಂದು ಪಟ್ಟಿಯಲ್ಲಿ ಒಂದೊಂದು ದನಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಬಹುದಾಯಿತು. ಒಂದೊಂದು ಪಟ್ಟಿಯೂ ಒಂದು ಟ್ರ್ಯಾಕ್. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಈ ದಾರಿಯಲ್ಲಿ ಮೊದಲು ನಡೆದವರು. 1957ರಲ್ಲಿ ಅವರಿಗೆ ಎಂಟು ಟ್ರ್ಯಾಕ್‌ಗಳ ಯಂತ್ರ ಸಿಕ್ಕಿತು. ಅದು ಬೀರುವಿಗಿಂತ ದೊಡ್ಡದು, ಬೆಲೆಯೂ ಹಾಗೆಯೇ. 1979ರಲ್ಲಿ ಜಪಾನಿನ ಕಂಪನಿಯೊಂದು ಸಾಮಾನ್ಯ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಮುದ್ರಿಸುವ ಪೋರ್ಟಾಸ್ಟುಡಿಯೋ ಎಂಬ ಯಂತ್ರ ತಂದಿತು. ಅಲ್ಲಿಂದ ಈ ಕೆಲಸ ಮನೆಯೊಳಗೆ ಬಂತು. ನಾನು ಬಳಸುವ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ 2000ನೇ ಇಸವಿಯಲ್ಲಿ ಹೊರಬಂತು. ಲ್ಯಾಪ್‌ಟಾಪ್ ಇಲ್ಲದವರಿಗೆ ಬ್ಯಾಂಡ್‌ಲ್ಯಾಬ್‌ನಂಥ ಆ್ಯಪ್‌ಗಳು ಫೋನಿನಲ್ಲೇ ಇವೆ.

ಉರ್ದು ಮನೆಯವಳು ಕನ್ನಡದಲ್ಲಿ ಹಾಡು ಬರೆಯುವುದು ಹೊಸದೇನಲ್ಲ. 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ 'ನಿತ್ಯೋತ್ಸವ' ಬಂದಾಗ ಅದರ ಕವಿ ಕೆ.ಎಸ್. ನಿಸಾರ್ ಅಹಮದ್, ರಾಗ ಸಂಯೋಜಿಸಿದವರು ಮೈಸೂರು ಅನಂತಸ್ವಾಮಿ. ಶಿಶುನಾಳ ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವಥ್ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದವರು.

ಹಾಳಾದ ಮೊದಲ ಮುದ್ರಣ

ದಸರಾ ರಜೆಯ ಒಂದು ಮಧ್ಯಾಹ್ನ ದಾದಿಯನ್ನು ಹಜಾರದಲ್ಲಿ ಕೂರಿಸಿ ಮೈಕನ್ನು ಅವರ ಬಾಯಿಯ ಹತ್ತಿರವೇ ಹಿಡಿದೆ. ಕಂಪ್ಯೂಟರಿನಲ್ಲಿ ಮೈಕಿನ ಮಟ್ಟವನ್ನು ಪೂರ್ತಿ ನೂರಕ್ಕೆ ಏರಿಸಿದ್ದೆ. ಜೋರಾಗಿದ್ದಷ್ಟೂ ಚೆನ್ನ ಎಂದುಕೊಂಡಿದ್ದೆ. ಮೇಲೆ ಫ್ಯಾನ್ ತಿರುಗುತ್ತಿತ್ತು, ಎದುರಿನ ಹಿಟ್ಟಿನ ಗಿರಣಿ ಓಡುತ್ತಿತ್ತು. ದಾದಿ ಕಣ್ಣು ಮುಚ್ಚಿ ಲೋರಿಯ ನಾಲ್ಕು ನುಡಿಗಳನ್ನೂ ಹಾಡಿದರು. ಮರುದಿನ ಅವರು ಫುಪ್ಪು ಮನೆಗೆಂದು ಹುಣಸೂರಿಗೆ ಹೊರಟರು.

ರಾತ್ರಿ ಕೇಳಿದಾಗ ಎದೆ ಧಸಕ್ಕೆಂದಿತು. ದಾದಿ ದನಿ ಎತ್ತಿದಲ್ಲೆಲ್ಲ ಹರಿದ ಸ್ಪೀಕರಿನ ಹಾಗೆ ಕರಕರ ಸದ್ದು. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಕಂಪ್ಯೂಟರ್ ದನಿಯ ಅಲೆಯನ್ನು ಅಂಕಿಗಳಾಗಿ ಬರೆದಿಡುತ್ತದೆ. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಬಾರಿ ಅಲೆಯ ಎತ್ತರವನ್ನು ಅಳೆಯುತ್ತದೆ. 16 ಬಿಟ್ ಲೆಕ್ಕದಲ್ಲಿ ಆ ಎತ್ತರಕ್ಕೆ ಸಿಗುವ ಅತಿ ದೊಡ್ಡ ಅಂಕಿ 32,767. ದನಿ ಅದಕ್ಕಿಂತ ಮೇಲೆ ಹೋದರೆ ಬರೆಯಲು ಅಂಕಿಯೇ ಇಲ್ಲ. ಆಗ ಅಲೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಕತ್ತರಿಸಿಹೋದ ಭಾಗ ಎಲ್ಲಿಯೂ ದಾಖಲಾಗಿರುವುದಿಲ್ಲ.

ಎರಡು ವಾರ ಆಡಾಸಿಟಿಯಲ್ಲಿದ್ದ ಎಫೆಕ್ಟ್‌ಗಳನ್ನೆಲ್ಲ ಅದರ ಮೇಲೆ ಸುರಿದೆ. ಕತ್ತರಿಸಿದ ತುದಿಗಳನ್ನು ಊಹಿಸಿ ತುಂಬುವ ಕ್ಲಿಪ್ ಫಿಕ್ಸ್ ಎಂಬ ಎಫೆಕ್ಟ್ ಕೂಡ ಇದೆ. ಸ್ವಲ್ಪ ಕೆಟ್ಟಿದ್ದರೆ ಅದು ಸರಿಮಾಡುತ್ತದೆ, ನನ್ನದು ಬಹಳ ಕೆಟ್ಟಿತ್ತು. ಫ್ಯಾನಿನ ಸದ್ದು ತೆಗೆಯಲು ಹೋದರೆ ದಾದಿಯ ದನಿ ನೀರಿನೊಳಗಿಂದ ಬಂದಂತೆ ಕೇಳಿಸಿತು. ಎಫೆಕ್ಟ್ ಎಂದರೆ ಸಾರಿಗೆ ಹಾಕುವ ಒಗ್ಗರಣೆ ಎಂದು ಆಗ ಅರ್ಥವಾಯಿತು. ಬೆಂದ ಬೇಳೆಗೆ ಅದು ರುಚಿ ಕೊಡುತ್ತದೆ. ಸೀದುಹೋದ ಬೇಳೆಯನ್ನು ಸರಿಮಾಡುವುದಿಲ್ಲ.

ಮೈಕಿನ ಮಟ್ಟಕ್ಕೆ ಒಂದು ಸುಲಭ ನಿಯಮವಿದೆ. ಮೀಟರಿನಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಛಾವಣಿ. ಹಾಡಿನ ಅತಿ ಜೋರಾದ ಸಾಲನ್ನು ಮೊದಲೇ ಹಾಡಿಸಿ ನೋಡಿ, ಆಗಲೂ ಮುಳ್ಳು ಮೈನಸ್ 12ರಿಂದ ಮೈನಸ್ 6ರ ನಡುವೆ ಇರುವಂತೆ ಮಟ್ಟ ಇಳಿಸಬೇಕು. ಮೆಲ್ಲಗೆ ಮುದ್ರಿಸಿದ್ದನ್ನು ಆಮೇಲೆ ಏರಿಸಬಹುದು. ಛಾವಣಿಗೆ ಬಡಿದದ್ದನ್ನು ಇಳಿಸಿ ಪ್ರಯೋಜನವಿಲ್ಲ, ಕರಕರ ಸದ್ದೂ ಮೆಲ್ಲಗಾಗುತ್ತದೆ ಅಷ್ಟೇ.

ಕೋಣೆಯೂ ಹಾಡುತ್ತದೆ

ಎರಡನೆಯ ಪಾಠ ಕೋಣೆಯದು. ನಮ್ಮ ಹಜಾರದಲ್ಲಿ ಬೋಳು ಗೋಡೆ, ಸಿಮೆಂಟು ನೆಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮೂರು ಮೀಟರ್ ದೂರದ ಗೋಡೆಗೆ ಬಡಿದು ಮರಳಿ ಬರಲು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಡ. ನಮ್ಮ ಕಿವಿ ಅದನ್ನು ಬೇರೆ ಪ್ರತಿಧ್ವನಿ ಎಂದು ಗುರುತಿಸುವುದಿಲ್ಲ. ಮೈಕ್ ಮಾತ್ರ ಎರಡನ್ನೂ ಸೇರಿಸಿ ಮುದ್ರಿಸುತ್ತದೆ. ಅದಕ್ಕೇ ಮನೆಯಲ್ಲಿ ಮುದ್ರಿಸಿದ ದನಿ ಬಾವಿಯೊಳಗಿಂದ ಬಂದಂತಿರುತ್ತದೆ.

ಪರಿಹಾರ ನಮ್ಮ ಕಣ್ಣಮುಂದೆಯೇ ಇತ್ತು. ಅಬ್ಬಾ ಹತ್ತಿಯ ಹಾಸಿಗೆ, ದಿಂಬು, ರಜಾಯಿ ಮಾಡುತ್ತಾರೆ. ಮನೆಯ ಮುಂಭಾಗವೇ ಅಂಗಡಿ. ಒಂದು ದಿನ ಅಲ್ಲಿ ಫೋನಿನಲ್ಲಿ ಮಾತಾಡುವಾಗ ನನ್ನ ದನಿ ಬೇರೆಯಾಗಿಯೇ, ಹತ್ತಿರದಿಂದ, ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದು ಗೆಳತಿ ಹೇಳಿದಳು. ಹತ್ತಿಯ ಎಳೆಗಳ ನಡುವೆ ಗಾಳಿ ನುಗ್ಗಿ ಉಜ್ಜಿದಾಗ ಶಬ್ದದ ಶಕ್ತಿ ಸ್ವಲ್ಪ ಶಾಖವಾಗಿ ಕರಗುತ್ತದೆ, ಗೋಡೆಯಂತೆ ತಿರುಗಿ ಬರುವುದಿಲ್ಲ. ಗಿರಣಿ ನಿಂತ ಮೇಲೆ, ರಾತ್ರಿ ಒಂಬತ್ತರ ನಂತರ ಅಂಗಡಿಯ ಶಟರ್ ಎಳೆದು, ಮೂರು ಕಡೆ ಹಾಸಿಗೆಗಳನ್ನು ನಿಲ್ಲಿಸಿ ಮಧ್ಯದಲ್ಲಿ ಹಾಡಿದೆ. ವ್ಯತ್ಯಾಸ ಅಮ್ಮಿಗೂ ತಿಳಿಯಿತು. ಇದರಲ್ಲೂ ಒಂದು ಎಚ್ಚರ ಬೇಕು. ಹತ್ತಿ ಹಿಂಜಿದ ದಿನ ಗಾಳಿಯಲ್ಲಿ ನವಿರು ಧೂಳು ಇರುತ್ತದೆ, ಕೆಮ್ಮು ಬರುತ್ತದೆ. ಅಂಥ ದಿನ ಮುದ್ರಣ ಬೇಡ.

ನಿಮ್ಮ ಮನೆಯಲ್ಲಿ ಹಾಸಿಗೆ ಅಂಗಡಿ ಇರಬೇಕೆಂದಿಲ್ಲ. ಎರಡು ದಪ್ಪ ರಜಾಯಿಗಳನ್ನು ಹಗ್ಗದ ಮೇಲೆ ಹಾಕಿದರೂ ಸಾಕು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಹಾಡಿದರೂ ಆಗುತ್ತದೆ. ಮೈಕಿನಿಂದ ಒಂದು ಗೇಣು ದೂರ, ಬಾಯಿಗೆ ನೇರವಾಗಿರದೆ ಸ್ವಲ್ಪ ಓರೆಯಾಗಿ ನಿಂತರೆ 'ಪ', 'ಬ' ಅಕ್ಷರಗಳ ಗಾಳಿ ಮೈಕಿಗೆ ಬಡಿಯುವುದಿಲ್ಲ.

ಒಂದೊಂದೇ ಟ್ರ್ಯಾಕ್

ಮಲ್ಟಿಟ್ರ್ಯಾಕ್ ಅರ್ಥವಾಗಲು ನನಗೆ ನೆರವಾದದ್ದು ಅಕೌಂಟೆನ್ಸಿ. ಎಲ್ಲ ವ್ಯವಹಾರವನ್ನೂ ಒಂದೇ ಹಾಳೆಯಲ್ಲಿ ಗೀಚಿದರೆ ಯಾರದು ಎಷ್ಟು ಎಂದು ತಿಳಿಯುವುದಿಲ್ಲ. ಲೆಡ್ಜರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆಯುತ್ತೇವೆ. ಟ್ರ್ಯಾಕ್ ಕೂಡ ಹಾಗೆಯೇ. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ತೊಂದರೆಯಿಲ್ಲ. ಮೊದಲು ಮುದ್ರಿಸಿದ ಮೂಲ ದನಿ ವೋಚರ್ ಇದ್ದಂತೆ. ವೋಚರಿನ ಮೇಲೆ ಯಾರೂ ಗೀಚುವುದಿಲ್ಲ. ಮೂಲವನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ನಕಲಿನ ಮೇಲೆ ಮಾತ್ರ ಎಫೆಕ್ಟ್ ಪ್ರಯೋಗ ಮಾಡಬೇಕು.

ನಮ್ಮ ಮನೆಯಲ್ಲಿ ವಾದ್ಯ ನುಡಿಸುವ ರೂಢಿ ಇಲ್ಲ. ಅಬ್ಬಾಗೆ ಅದು ಇಷ್ಟವಿಲ್ಲ. ನಾನು ವಾದ ಮಾಡಲಿಲ್ಲ. ತಾಳಕ್ಕೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಅಬ್ಬಾ ಹೊಸ ಹಾಸಿಗೆಯನ್ನು ಕೋಲಿನಿಂದ ಬಡಿದು ಹದ ಮಾಡುತ್ತಿದ್ದರು. ಧಪ್, ಧಪ್. ಅದನ್ನೇ ಮುದ್ರಿಸಿದೆ. ದೊಡ್ಡ ಕತ್ತರಿಯ ಕಿಚ್ ಕಿಚ್ ಸದ್ದು ಎರಡನೇ ತಾಳವಾಯಿತು. ಅಬ್ಬಾ ಕೇಳಿ ನಕ್ಕು, "ಇದಕ್ಕೆ ನನಗೂ ಕೂಲಿ ಬರಬೇಕಲ್ಲ" ಎಂದರು. ಹೀಗೆ ಒಟ್ಟು ಆರು ಟ್ರ್ಯಾಕ್‌ಗಳಾದವು: ನನ್ನ ದನಿ, ಅದೇ ಸಾಲುಗಳು ಮತ್ತೊಮ್ಮೆ, ಹಾಸಿಗೆ ಬಡಿತ, ಕತ್ತರಿ, ತೂಗು ಸೇತುವೆಯ ಮೇಲೆ ಫೋನಿನಲ್ಲಿ ಹಿಡಿದ ನೀರಿನ ಸದ್ದು, ಮತ್ತು ದಾದಿಯ ಲೋರಿಗೆಂದು ಖಾಲಿ ಬಿಟ್ಟ ಒಂದು ಟ್ರ್ಯಾಕ್.

ಟ್ರ್ಯಾಕ್‌ಗಳು ಒಂದಕ್ಕೊಂದು ಹೊಂದಬೇಕಾದರೆ ಮೊದಲು ಮೆಟ್ರೊನೋಮ್ ಎಂಬ ಟಿಕ್ ಟಿಕ್ ಟ್ರ್ಯಾಕ್ ಹಾಕಿಕೊಳ್ಳಬೇಕು. ನನ್ನ ಹಾಡಿಗೆ ನಿಮಿಷಕ್ಕೆ 80 ಬಡಿತ. ಇಯರ್‌ಫೋನಿನಲ್ಲಿ ಅದನ್ನು ಕೇಳುತ್ತಾ ಹಾಡಬೇಕು. ಸ್ಪೀಕರಿನಲ್ಲಿ ಕೇಳಿದರೆ ಟಿಕ್ ಟಿಕ್ ಕೂಡ ಮೈಕಿಗೆ ಸೇರುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಅದರಲ್ಲಿ ಶಬ್ದ ಕಿವಿಗೆ ತಲುಪುವುದೇ ತಡವಾಗಿ.

ತಂತಿಯ ಇಯರ್‌ಫೋನ್ ಇದ್ದರೂ ಒಂದು ಸಣ್ಣ ತಡ ಉಳಿಯುತ್ತದೆ. ಕಂಪ್ಯೂಟರ್ ಹಳೆಯ ಟ್ರ್ಯಾಕನ್ನು ಹೊರಗೆ ಕಳಿಸಿ ಹೊಸದನ್ನು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಸ್ವಲ್ಪ ಸಮಯ ಕಳೆದಿರುತ್ತದೆ. ಇದು ಲೇಟೆನ್ಸಿ. ಮೊದಲ ವಾರ ನನ್ನ ಹಾಸಿಗೆ ಬಡಿತ ಯಾವಾಗಲೂ ಹಿಂದೆ ಬೀಳುತ್ತಿತ್ತು, ನನಗೆ ತಾಳಜ್ಞಾನವೇ ಇಲ್ಲ ಎಂದು ಬೇಸರಪಟ್ಟಿದ್ದೆ. ತಪ್ಪು ನನ್ನದಾಗಿರಲಿಲ್ಲ. ಪರೀಕ್ಷೆ ಸುಲಭ. ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಟಿಕ್ ಟಿಕ್ ಸದ್ದನ್ನೇ ಮತ್ತೊಂದು ಟ್ರ್ಯಾಕಿನಲ್ಲಿ ಮುದ್ರಿಸಿ. ಎರಡೂ ಟ್ರ್ಯಾಕ್‌ಗಳ ಮೊನೆಗಳ ನಡುವಿನ ಅಂತರ ಅಳೆಯಿರಿ. ನನ್ನದರಲ್ಲಿ ಸುಮಾರು 120 ಮಿಲಿಸೆಕೆಂಡ್ ಬಂತು. ಆಡಾಸಿಟಿಯ ಸೆಟ್ಟಿಂಗ್ಸ್‌ನಲ್ಲಿ ಆ ವ್ಯತ್ಯಾಸವನ್ನು ಸರಿಪಡಿಸಿದರೆ ಮುಂದಿನ ಟ್ರ್ಯಾಕ್‌ಗಳು ತಾವಾಗಿಯೇ ಜಾಗಕ್ಕೆ ಕೂರುತ್ತವೆ.

ಪ್ರತಿ ಸಲ ಮುದ್ರಿಸುವ ಮೊದಲು ಗೌಹರ್ ಜಾನ್ ಅವರಂತೆ ಬಾಯಲ್ಲೇ ಹೇಳಿ: ಹೆಸರು, ತಾರೀಖು, ಎಷ್ಟನೇ ಸಲ. ಇಪ್ಪತ್ತು ಫೈಲುಗಳಾದ ಮೇಲೆ ಯಾವುದು ಯಾವುದೆಂದು ಹುಡುಕುವ ಕಷ್ಟ ತಪ್ಪುತ್ತದೆ.

ಎಫೆಕ್ಟ್‌ಗಳು: ಯಾವುದು ಏನು ಮಾಡುತ್ತದೆ?

ಈಕ್ವಲೈಜರ್: ದನಿಯಲ್ಲಿ ತಗ್ಗು, ನಡು, ಎತ್ತರದ ಭಾಗಗಳಿರುತ್ತವೆ. ಯಾವುದನ್ನು ಹೆಚ್ಚಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂಬುದು ಇದರ ಕೆಲಸ. ಹಾಡಿನ ದನಿಯಲ್ಲಿ 80 ಹರ್ಟ್ಜ್‌ಗಿಂತ ಕೆಳಗೆ ನಮಗೆ ಬೇಕಾದ್ದು ಏನೂ ಇರುವುದಿಲ್ಲ. ಅಲ್ಲಿ ಇರುವುದು ಲಾರಿಯ ಗುಡುಗು, ಕರೆಂಟಿನ 50 ಹರ್ಟ್ಜ್ ಗುಂಯ್ ಸದ್ದು. ಅದನ್ನು ಕತ್ತರಿಸಬಹುದು. ಹಾಸಿಗೆ ಬಡಿತದಲ್ಲಿ ಮಾತ್ರ ಅದೇ ತಗ್ಗು ಭಾಗವನ್ನು ಸ್ವಲ್ಪ ಏರಿಸಿದೆ. ಅದು ದೊಡ್ಡ ಡೋಲಿನಂತೆ ಕೇಳಿಸಿತು.

ಕಂಪ್ರೆಸರ್: ಜೋರು ಮತ್ತು ಮೆಲ್ಲನೆಯ ಭಾಗಗಳ ಅಂತರ ಕಡಿಮೆ ಮಾಡುತ್ತದೆ. ಒಂದು ಗೆರೆ ಹಾಕಿ, ಅನುಪಾತ 4:1 ಎಂದಿಟ್ಟರೆ, ಗೆರೆಯಿಂದ 8 ಡೆಸಿಬೆಲ್ ಮೇಲೆ ಹೋದ ದನಿ 2 ಡೆಸಿಬೆಲ್ ಮಾತ್ರ ಮೇಲೆ ಬರುತ್ತದೆ. ಆದಾಯ ತೆರಿಗೆಯ ಹಾಗೆ, ಮಿತಿ ದಾಟಿದ್ದಕ್ಕೆ ಮಾತ್ರ ಕಡಿತ. ಜಾಸ್ತಿ ಹಾಕಿದರೆ ಹಾಡಿನಲ್ಲಿ ಉಸಿರೇ ಇರುವುದಿಲ್ಲ.

ರಿವರ್ಬ್: ದೊಡ್ಡ ಜಾಗದಲ್ಲಿ ಹಾಡಿದಂತೆ ದನಿಗೆ ಸುತ್ತಲಿನ ಗುಂಗು ಕೊಡುತ್ತದೆ. ಕೋಣೆಯ ಗುಂಗನ್ನು ತಡೆಯಲು ಹಾಸಿಗೆ ನಿಲ್ಲಿಸಿ, ಆಮೇಲೆ ಗುಂಗು ಹಾಕುವುದು ಏಕೆ ಎಂದು ಅಣ್ಣ ಕೇಳಿದ. ಕೋಣೆಯಲ್ಲಿ ಸೇರಿದ್ದನ್ನು ತೆಗೆಯಲಾಗುವುದಿಲ್ಲ. ನಾವು ಹಾಕಿದ್ದನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹೊಸಬರು ಮಾಡುವ ದೊಡ್ಡ ತಪ್ಪು ರಿವರ್ಬ್ ಅತಿಯಾಗಿ ಹಾಕುವುದು. ನಾನೂ ಮಾಡಿದೆ. ಪದಗಳೇ ಕೇಳಿಸಲಿಲ್ಲ.

ಡಿಲೇ: ಇದು ಬೆಟ್ಟದ ಮುಂದೆ ಕೂಗಿದಂತೆ ಬೇರೆಯಾಗಿ ಕೇಳುವ ಮರುದನಿ. ಇದನ್ನು ತಾಳಕ್ಕೆ ಹೊಂದಿಸಲು ಲೆಕ್ಕವಿದೆ. 60,000ವನ್ನು ನಿಮಿಷದ ಬಡಿತಗಳಿಂದ ಭಾಗಿಸಿ. 80 ಬಡಿತವಾದರೆ 750 ಮಿಲಿಸೆಕೆಂಡ್, ಅದು ಒಂದು ಬಡಿತದ ಉದ್ದ. ಅರ್ಧ ಬಡಿತಕ್ಕೆ 375.

ಜೋಡಿ ದನಿ: ಒಂದೇ ಸಾಲನ್ನು ಎರಡು ಸಲ ಹಾಡಿ ಒಟ್ಟಿಗೆ ಕೇಳಿಸಿದರೆ ದನಿ ತುಂಬಿಕೊಳ್ಳುತ್ತದೆ. ಹೀಗೆ ಎರಡೆರಡು ಸಲ ಹಾಡಿ ಬೀಟಲ್ಸ್ ತಂಡದವರಿಗೆ ಬೇಸರವಾಗಿತ್ತು. ಅವರಿಗಾಗಿ 1966ರಲ್ಲಿ ಲಂಡನ್ನಿನ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಟೇಪ್ ಯಂತ್ರದಿಂದಲೇ ಜೋಡಿ ದನಿ ಮಾಡುವ ಉಪಾಯ ಕಂಡುಹಿಡಿದರು. ನನಗೆ ನಿಜವಾಗಿ ಎರಡು ಸಲ ಹಾಡಿದ್ದೇ ಇಷ್ಟವಾಯಿತು. ಎರಡರ ನಡುವಿನ ಕೂದಲೆಳೆಯ ವ್ಯತ್ಯಾಸದಲ್ಲೇ ಅದರ ಸೊಗಸಿದೆ.

ಕೊನೆಗೆ ಎಲ್ಲ ಟ್ರ್ಯಾಕ್‌ಗಳನ್ನೂ ಹೊಂದಿಸಿ ಒಂದು ಹಾಡು ಮಾಡುವುದು ಮಿಕ್ಸಿಂಗ್. ನನ್ನ ದನಿ ನಡುವೆ, ಕತ್ತರಿ ಸ್ವಲ್ಪ ಎಡಕ್ಕೆ, ನೀರಿನ ಸದ್ದು ಎರಡೂ ಬದಿಗೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪುಗಳು ಉಳಿದಿರಬಹುದು ಎಂದು ಅಕೌಂಟೆನ್ಸಿ ಪಾಠದಲ್ಲಿ ಓದಿದ್ದೇವೆ. ಮಿಕ್ಸಿಂಗಿನಲ್ಲೂ ಹಾಗೆಯೇ. ಮೀಟರ್ ಎಲ್ಲ ಸರಿ ಎನ್ನುತ್ತದೆ, ಕಿವಿ ಒಪ್ಪುವುದಿಲ್ಲ. ಅದಕ್ಕೆ ಒಂದು ದಿನ ಬಿಟ್ಟು, ಇಯರ್‌ಫೋನ್, ಫೋನಿನ ಸ್ಪೀಕರ್, ಟಿ.ವಿ. ಮೂರರಲ್ಲೂ ಕೇಳಬೇಕು.

ದಾದಿ ಮರಳಿ ಬಂದ ಮೇಲೆ

ದಾದಿ ಹುಣಸೂರಿನಿಂದ ಬಂದದ್ದು ಜನವರಿಯಲ್ಲಿ. ಶೀತ, ಕೆಮ್ಮು ಇದ್ದುದರಿಂದ ಹದಿನೈದು ದಿನ ಕೇಳಲೇ ಇಲ್ಲ. ಆಮೇಲೆ ಒಂದು ರಾತ್ರಿ ಹಾಸಿಗೆಗಳ ನಡುವೆ ಕುರ್ಚಿ ಹಾಕಿ ಕೂರಿಸಿ ಇಯರ್‌ಫೋನ್ ಕೊಟ್ಟೆ. ಒಂದು ನಿಮಿಷದಲ್ಲಿ ತೆಗೆದಿಟ್ಟರು. "ಬೇಟಿ, ಕಿವಿಯೊಳಗೆ ಹೀಗೆ ಗಡಿಯಾರ ಬಡಿದರೆ ಮಗು ಮಲಗೋದು ಹೇಗೆ?" ಎಂದರು. ಅವರ ಮಾತು ಸರಿ. ಲೋರಿಗೆ ಮೆಟ್ರೊನೋಮ್ ಇಲ್ಲ, ಮಗುವಿನ ಉಸಿರೇ ಅದರ ತಾಳ. ಟಿಕ್ ಟಿಕ್ ತೆಗೆದು ಅವರ ಪಾಡಿಗೆ ಹಾಡಲು ಬಿಟ್ಟೆ. ನನ್ನ ತಾಳ ಲೋರಿ ಮುಗಿದ ಮೇಲೆ ಶುರುವಾಗುವಂತೆ ಟ್ರ್ಯಾಕ್‌ಗಳನ್ನು ಮುಂದೆ ಸರಿಸಿದೆ. ಮೀಟರ್ ಮೈನಸ್ 10 ದಾಟಲಿಲ್ಲ. ದನಿ ಸ್ವಚ್ಛವಾಗಿ ಬಂತು.

ಆದರೆ ದಾದಿ ಮೂರು ನುಡಿಗೇ ನಿಲ್ಲಿಸಿದರು. ಇನ್ನೊಂದು ನುಡಿ ಇತ್ತಲ್ಲ, ತವರುಮನೆಯದು ಎಂದು ಕೇಳಿದೆ. "ಹಾಗೊಂದು ಇತ್ತಾ?" ಎಂದರು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾಳಾದ ಹಳೆಯ ಫೈಲು ಕೇಳಿಸಿದೆ. ತುಟಿ ಅಲ್ಲಾಡಿಸುತ್ತಾ ಕೇಳಿದರು. ಮೂರು ಸಲ ಕೇಳಿಸಿ ಇಬ್ಬರೂ ಸೇರಿ ಪದಗಳನ್ನು ಬರೆದುಕೊಂಡೆವು. ಒಂದು ಪದ ಮಾತ್ರ ಕರಕರ ಸದ್ದಿನಲ್ಲಿ ಹೂತುಹೋಗಿದೆ. ಅದು ಏನೆಂದು ದಾದಿಗೂ ಹೊಳೆಯುತ್ತಿಲ್ಲ, ನನಗೂ ತಿಳಿಯುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿ ಇದೆ. ಮೈಕಿನ ಮಟ್ಟ ಅರ್ಧಕ್ಕೆ ಇಳಿಸಿದ್ದರೆ ಸಾಕಿತ್ತು. ಸಿಟ್ಟಿನಲ್ಲಿ ಆ ಫೈಲನ್ನು ಅಳಿಸಿಹಾಕಲು ಎರಡು ಸಲ ಹೊರಟಿದ್ದೆ. ಅಳಿಸದೇ ಇದ್ದದ್ದೇ ಪುಣ್ಯ. ಈಗ ಅದರ ಎರಡು ಪ್ರತಿಗಳನ್ನು ಎರಡು ಕಡೆ ಇಟ್ಟಿದ್ದೇನೆ, ಯಾವ ಎಫೆಕ್ಟ್ ಇಲ್ಲದೆ.

ಇನ್ನೊಂದು ವಿಷಯ. ಮುದ್ರಣವಾದ ಮೇಲೆ ದಾದಿ ಕೇಳಿದರು, "ಇದನ್ನು ಯಾರಿಗೆ ಕೇಳಿಸ್ತೀಯಾ?" ಕಾಲೇಜಿನಲ್ಲಿ ಎಂದೆ. "ನನ್ನ ದನಿ ಮೈಕಿನಲ್ಲಿ ಊರಿಗೆಲ್ಲ ಕೇಳೋದು ಬೇಡ. ಮನೆ ಮಕ್ಕಳು ಕೇಳಲಿ" ಎಂದರು. ಎಲ್ಲವನ್ನೂ ಒಂದೇ ಟ್ರ್ಯಾಕಿನಲ್ಲಿ ಮುದ್ರಿಸಿದ್ದರೆ ಹಾಡನ್ನೇ ಬಿಡಬೇಕಾಗುತ್ತಿತ್ತು. ಆರನೇ ಟ್ರ್ಯಾಕಿನ ಮ್ಯೂಟ್ ಗುಂಡಿ ಒತ್ತಿದೆ, ಅಷ್ಟೇ. ನೀವು ವಾರ್ಷಿಕೋತ್ಸವದಲ್ಲಿ ಕೇಳಿದ್ದು ಆ ಹಾಡು. ಆರಂಭದಲ್ಲಿ ನೀರಿನ ಸದ್ದು ಯಾಕೆ ಅಷ್ಟು ಹೊತ್ತು ಇದೆ ಎಂದು ಕೆಲವರು ಕೇಳಿದ್ದಿರಿ. ಅದು ದಾದಿಯ ಜಾಗ. ಮನೆಯಲ್ಲಿ ಕೇಳುವಾಗ ಮ್ಯೂಟ್ ತೆಗೆಯುತ್ತೇವೆ. ಫುಪ್ಪುವಿನ ಮೊಮ್ಮಗು ಅದನ್ನು ಕೇಳಿ ಮಲಗುತ್ತದೆ.

ಹಾಡು ಬರೆಯುವವರಿಗೆ ಒಂದು ಕಿವಿಮಾತು. ಹಾಡಿನ ಪದಗಳು, ರಾಗ ಸಂಯೋಜನೆ, ಧ್ವನಿಮುದ್ರಣ, ಈ ಮೂರಕ್ಕೂ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬೇರೆ ಬೇರೆ ಹಕ್ಕುಗಳಿವೆ. ಸಿನಿಮಾ ಹಾಡಿನ ಕರೋಕೆ ಟ್ರ್ಯಾಕಿನ ಮೇಲೆ ನಿಮ್ಮ ಪದ ಕೂರಿಸಿದರೆ ಅದು ನಿಮ್ಮದಾಗುವುದಿಲ್ಲ. ಕೋಲು ಬಡಿದಾದರೂ ನಿಮ್ಮ ತಾಳ ನೀವೇ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಒಂದು ವೇವ್ ಫೈಲು ಇಟ್ಟುಕೊಳ್ಳಿ. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಹಂಚಲು ಎಂಪಿ3 ಸಾಕು.

ಕಲಿಯಲು ಮನಸ್ಸಿರುವವರು ಶನಿವಾರ ತರಗತಿ ಮುಗಿದ ಮೇಲೆ ನನ್ನನ್ನು ಭೇಟಿಯಾಗಿ. ತಂತಿಯ ಇಯರ್‌ಫೋನ್ ತನ್ನಿ. ಪರೀಕ್ಷೆ ಹತ್ತಿರ ಬಂದಿರುವುದರಿಂದ ಅಬ್ಬಾ ವಾರಕ್ಕೆ ಒಂದೇ ಗಂಟೆ ಕೊಟ್ಟಿದ್ದಾರೆ. ಅದಕ್ಕೂ ಮೊದಲು, ಈ ವಾರವೇ, ನಿಮ್ಮ ಮನೆಯ ಹಿರಿಯರನ್ನು ಕೂರಿಸಿ ಅವರಿಗೆ ಬರುವ ಒಂದು ಹಾಡನ್ನು ಫೋನಿನಲ್ಲೇ ಮುದ್ರಿಸಿಕೊಳ್ಳಿ. ಮೊದಲು ಅವರ ಒಪ್ಪಿಗೆ ಕೇಳಿ. ಫ್ಯಾನ್ ಆಫ್ ಮಾಡಿ. ಫೋನು ಬಾಯಿಂದ ಒಂದು ಗೇಣು ದೂರ ಇರಲಿ.